ಇಂಗ್ಲಿಷ್ ಉಚ್ಚಾರಣೆ ಸುಧಾರಿಸಿಕೊಳ್ಳಲು ಖರ್ಚಿಲ್ಲದ ದಾರಿಗಳು ಯಾವುವು?

ಪ್ರಶ್ನೆ: ಅತಿಥಿ ಶಿಕ್ಷಕಿ, ಶಿರಸಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಶಿರಸಿ ಪೇಟೆಯಿಂದ ಸುಮಾರು 30 ಕಿಲೋಮೀಟರ್ ಒಳಗಿರುವ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿಯಾಗಿದ್ದು, ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ಬೇರೆ ವಿಷಯಗಳ ಜೊತೆಗೆ ಇಂಗ್ಲಿಷನ್ನೂ ಕಲಿಸುತ್ತೇನೆ. ಮನೆಮಾತು ಹವ್ಯಕ ಕನ್ನಡ. ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಆರಂಭವಾದದ್ದು 2007ರಲ್ಲಿ; ಅದಕ್ಕಿಂತ ಮೊದಲೇ ಶಾಲೆ ಸೇರಿದ್ದ ನನಗೆ ಎ, ಬಿ, ಸಿ, ಡಿ ಪರಿಚಯವಾದದ್ದು ಐದನೆಯ ತರಗತಿಯಲ್ಲಿ. ವ್ಯಾಕರಣವನ್ನು ಪುಸ್ತಕ ಓದಿ ಸರಿಪಡಿಸಿಕೊಂಡಿದ್ದೇನೆ, ಬರೆಯುವುದಕ್ಕೂ ಹೆದರಿಕೆಯಿಲ್ಲ. ಆದರೆ ಉಚ್ಚಾರಣೆಯನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಿಲ್ಲ.

ಕಳೆದ ತಿಂಗಳು ಮೂರನೆಯ ತರಗತಿಯಲ್ಲಿ ಚಿತ್ರ ತೋರಿಸಿ ಹೆಸರು ಹೇಳಿಸುತ್ತಿದ್ದಾಗ, ರಜೆಯಲ್ಲಿ ಬೆಂಗಳೂರಿನ ಚಿಕ್ಕಪ್ಪನ ಮನೆಗೆ ಹೋಗಿ ಬಂದಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕೋರೆ, ಅದು ಯೆಗ್ ಅಲ್ಲ, ಎಗ್ ಅಂತೆ" ಎಂದಳು. ಸಂಜೆ ಫೋನಿನಲ್ಲಿ ಕೇಳಿ ನೋಡಿದೆ. ಅವಳು ಹೇಳಿದ್ದೇ ಸರಿ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಬಾಯಿಂದ ಹೊರಟ ತಪ್ಪು ಪ್ರತಿ ವರ್ಷ ಇಪ್ಪತ್ತು ಮಕ್ಕಳ ಬಾಯಲ್ಲಿ ಬೇರೂರುತ್ತಿದೆಯಲ್ಲ ಎಂಬ ಸಂಕಟ ಮಾತ್ರ ಅಂದಿನಿಂದ ಬಿಟ್ಟಿಲ್ಲ.

ಮೊದಲು ಒಂದು ಆ್ಯಪ್ ಹಾಕಿಕೊಂಡೆ. ಏಳು ದಿನ ಉಚಿತ ಎಂದು ಬರೆದಿತ್ತು. ಎಂಟನೆಯ ದಿನ ಖಾತೆಯಿಂದ ತಾನಾಗಿಯೇ ಹಣ ಕಡಿತವಾಯಿತು. ಅದನ್ನು ನಿಲ್ಲಿಸಲು ಎರಡು ದಿನ ಒದ್ದಾಡಬೇಕಾಯಿತು. ಅತಿಥಿ ಶಿಕ್ಷಕರ ಗೌರವಧನದಲ್ಲಿ ಅಂಥ ಖರ್ಚು ನನ್ನಿಂದ ಸಾಧ್ಯವಿಲ್ಲ. ಆದ್ದರಿಂದ ನಿಜವಾಗಿಯೂ ಉಚಿತವಾಗಿರುವ, ಖಾತೆಯ ವಿವರ ಕೇಳದಿರುವ ಸೌಲಭ್ಯಗಳು ಯಾವುವು ಎಂದು ತಿಳಿದವರು ದಯವಿಟ್ಟು ಹೇಳಬೇಕು. ಬ್ರಿಟಿಷ್ ಉಚ್ಚಾರಣೆ ಕಲಿಯಬೇಕೇ, ಅಮೆರಿಕದ್ದೇ? ಮನೆಯಲ್ಲಿ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಇದನ್ನೂ ಗಮನದಲ್ಲಿಟ್ಟು ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಕುಮಟಾ

ಅಕ್ಕೋರೆ, ಮೂವತ್ತು ವರ್ಷ ಕರಾವಳಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ಅನುಭವದಿಂದ ಹೇಳುತ್ತಿದ್ದೇನೆ: ಉಚಿತ ಸೌಲಭ್ಯಗಳಿಗೆ ಇಂದು ಕೊರತೆಯಿಲ್ಲ. ಇಲ್ಲದಿರುವುದು, ಕನ್ನಡದ ಬಾಯಿ ಇಂಗ್ಲಿಷನ್ನು ಎಲ್ಲೆಲ್ಲಿ ತನ್ನ ಜಾಡಿಗೆ ಎಳೆದುಕೊಳ್ಳುತ್ತದೆ ಎಂಬ ತಿಳಿವಳಿಕೆ. ಅದು ಗೊತ್ತಿಲ್ಲದೆ ಹತ್ತು ಆ್ಯಪ್ ಹಾಕಿಕೊಂಡರೂ ಕಿವಿ ಹಳೆಯದನ್ನೇ ಕೇಳಿಸಿಕೊಳ್ಳುತ್ತದೆ. ಆದ್ದರಿಂದ ಮೊದಲು ತಪ್ಪುಗಳ ಬಗ್ಗೆ ಬರೆದು, ಆಮೇಲೆ ಸೌಲಭ್ಯಗಳಿಗೆ ಬರುತ್ತೇನೆ.

ನಿಮ್ಮ ವಿದ್ಯಾರ್ಥಿನಿ ಗುರುತಿಸಿದ್ದು ಕನ್ನಡದ ಬಹು ಹಳೆಯ ಅಭ್ಯಾಸ. ಪದದ ಮೊದಲಿಗೆ ಎಕಾರ ಬಂದರೆ ನಾವು ಅದಕ್ಕೊಂದು ಯಕಾರವನ್ನೂ, ಒಕಾರ ಬಂದರೆ ವಕಾರವನ್ನೂ ಅರಿವಿಲ್ಲದೆ ಸೇರಿಸುತ್ತೇವೆ. ಎಲೆ ಎಂದು ಬರೆದು ಯೆಲೆ ಎನ್ನುತ್ತೇವೆ, ಒಂದು ಎಂದು ಬರೆದು ವೊಂದು ಎನ್ನುತ್ತೇವೆ. ಕನ್ನಡದಲ್ಲಿ ಇದು ತಪ್ಪಲ್ಲ, ಏಕೆಂದರೆ ಅರ್ಥ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಬದಲಾಗಬಹುದು. ಕಿವಿ ಎಂಬರ್ಥದ ಇಯರ್ ಮತ್ತು ವರ್ಷ ಎಂಬರ್ಥದ ಯಿಯರ್ ಎರಡಕ್ಕೂ ವ್ಯತ್ಯಾಸವಿರುವುದು ಆ ಒಂದು ಯಕಾರದಲ್ಲೇ. ನಮ್ಮಲ್ಲಿ ಹಲವರು ಎರಡನ್ನೂ ಒಂದೇ ರೀತಿ ಹೇಳುತ್ತಾರೆ.

ಎರಡನೆಯದು ವಕಾರ. ಇಂಗ್ಲಿಷಿನಲ್ಲಿ ವಿ ಅಕ್ಷರದ ಧ್ವನಿಯೇ ಬೇರೆ, ಡಬ್ಲ್ಯು ಅಕ್ಷರದ ಧ್ವನಿಯೇ ಬೇರೆ. ಕನ್ನಡದ ವ ಇವೆರಡರ ನಡುವೆ ಎಲ್ಲೋ ನಿಂತಿದೆ. ವ್ಯಾನ್ ಎನ್ನುವಾಗ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಿ, ತುಟಿ ಸಣ್ಣಗೆ ನಡುಗಬೇಕು. ವಾಟರ್ ಎನ್ನುವಾಗ ಹಲ್ಲಿಗೆ ಕೆಲಸವೇ ಇಲ್ಲ. ಉ ಎನ್ನಲು ತುಟಿಯನ್ನು ದುಂಡಗೆ ಮಾಡಿ, ಅಲ್ಲಿಂದ ಮುಂದಿನ ಸ್ವರಕ್ಕೆ ಜಾರಬೇಕು. ಕನ್ನಡಿಯ ಮುಂದೆ ನಿಂತು ಹತ್ತು ನಿಮಿಷ ಮಾಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಆದರೆ ಎಲ್ಲರೂ ಕೈಬಿಡುವಂಥದ್ದು: ಪದದ ಒಳಗಿನ ಒತ್ತು. ಕನ್ನಡದಲ್ಲಿ ನಾವು ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಸಮಾನ ಬಲ ಕೊಡುತ್ತೇವೆ. ಹ್ರಸ್ವ, ದೀರ್ಘಗಳ ಅಳತೆ ಸರಿಯಿದ್ದರೆ ಸಾಕು. ಇಂಗ್ಲಿಷ್ ಹಾಗಲ್ಲ. ಅಲ್ಲಿ ಪದದ ಒಂದು ತುಂಡು, ಅಂದರೆ ಒಂದು ಉಚ್ಚಾರಾಂಶ (ಸಿಲಬಲ್) ಎದ್ದು ನಿಲ್ಲುತ್ತದೆ, ಉಳಿದವು ತಲೆ ತಗ್ಗಿಸುತ್ತವೆ. ಫೋಟೊಗ್ರಾಫ್ ಎಂಬಲ್ಲಿ ಬಲ ಮೊದಲನೆಯದರ ಮೇಲೆ. ಫೊಟಾಗ್ರಫಿ ಎಂಬಲ್ಲಿ ಎರಡನೆಯದರ ಮೇಲೆ. ಫೋಟೊಗ್ರಾಫಿಕ್ ಎಂಬಲ್ಲಿ ಮೂರನೆಯದರ ಮೇಲೆ. ಬಲವಿಲ್ಲದ ಕಡೆ ಸ್ವರ ಸವೆದು, ಬಾಯಿ ಅರೆತೆರೆದು ಅನ್ನುವ ಸಣ್ಣ ಅಕಾರವಾಗುತ್ತದೆ. ನಿಘಂಟಿನಲ್ಲಿ ತಲೆಕೆಳಗಾದ ಇಂಗ್ಲಿಷ್ ಇ (e) ಅಕ್ಷರದಂತೆ ಕಾಣುವ ಈ ಸ್ವರಕ್ಕೆ ಶ್ವಾ ಎಂದು ಹೆಸರು. ಇಂಗ್ಲಿಷ್ ಮಾತಿನಲ್ಲಿ ಅತಿ ಹೆಚ್ಚು ಬಾರಿ ಕೇಳಿಬರುವ ಸ್ವರ ಇದೇ. ನಾವು ವೆಜಿಟೇಬಲ್, ಕಂಫರ್ಟೇಬಲ್ ಎಂದು ಕಾಗುಣಿತದಲ್ಲಿ ಕಂಡದ್ದನ್ನೆಲ್ಲ ಪೂರ್ತಿಯಾಗಿ ಉಚ್ಚರಿಸುತ್ತೇವೆ. ಇಂಗ್ಲಿಷ್ ಮಾತೃಭಾಷೆಯವರಲ್ಲಿ ಹೆಚ್ಚಿನವರು ವೆಜ್‌ಟಬಲ್, ಕಂಫ್‌ಟಬಲ್ ಎಂಬಂತೆ ಮೂರೇ ಹೆಜ್ಜೆಯಲ್ಲಿ ಮುಗಿಸುತ್ತಾರೆ.

ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, ಅಂದರೆ 1958ರಲ್ಲಿ ಆರಂಭವಾಗಿ ಇಂದು ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ (ಇಫ್ಲು) ಆಗಿರುವ ಸಂಸ್ಥೆ, 1969ರಲ್ಲಿ ಆರ್. ಕೆ. ಬನ್ಸಲ್ ಅವರ ಅಧ್ಯಯನವೊಂದನ್ನು ಪ್ರಕಟಿಸಿತು. ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಅರ್ಥವಾಗದಿರುವಲ್ಲಿ ತಪ್ಪು ಜಾಗದಲ್ಲಿ ಬೀಳುವ ಒತ್ತಿನ ಪಾತ್ರವನ್ನು ಅವರು ಎತ್ತಿ ತೋರಿಸಿದರು. ನನ್ನ ತರಗತಿಯ ಅನುಭವವೂ ಅದನ್ನೇ ಹೇಳುತ್ತದೆ.

ಇನ್ನು ಬಿಟ್ಟುಬಿಡಬಹುದಾದವು. ಥ್ಯಾಂಕ್, ದಿಸ್ ಎನ್ನುವಾಗ ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಗಾಳಿ ಬಿಡಬೇಕು ಎಂದು ಎಲ್ಲ ವಿಡಿಯೊಗಳೂ ಹೇಳುತ್ತವೆ. ಬಂದರೆ ಒಳ್ಳೆಯದು, ಬಾರದಿದ್ದರೆ ನಮ್ಮ ಥ, ದಗಳಿಂದ ಯಾರಿಗೂ ಗೊಂದಲವಾಗುವುದಿಲ್ಲ. ಬೇರೆ ಬೇರೆ ಮಾತೃಭಾಷೆಯವರು ಪರಸ್ಪರ ಇಂಗ್ಲಿಷಿನಲ್ಲಿ ಮಾತಾಡುವಾಗ ಅರ್ಥವಾಗಲು ಏನೇನು ಬೇಕೇಬೇಕು ಎಂದು 2000ದಲ್ಲಿ ಪಟ್ಟಿ ಮಾಡಿದ ಭಾಷಾವಿಜ್ಞಾನಿ ಜೆನಿಫರ್ ಜೆಂಕಿನ್ಸ್ ಅವರು ಈ ಧ್ವನಿಗಳನ್ನು ಆ ಪಟ್ಟಿಯಿಂದ ಹೊರಗಿಟ್ಟಿದ್ದಾರೆ. (ಒಂಟಿ ಪದದ ಒತ್ತಿಗೂ ಅವರು ಅಷ್ಟು ಬೆಲೆ ಕೊಡಲಿಲ್ಲ, ಆ ಒಂದು ವಿಷಯದಲ್ಲಿ ನಾನು ಬನ್ಸಲ್ ಅವರ ಕಡೆ.) ಅವರ ಪಟ್ಟಿಯೊಳಗಿರುವ ಒಂದು ಅಂಶ ಮಾತ್ರ ಕನ್ನಡಿಗರಿಗೆ ಸುಲಭವಾಗಿ ದಕ್ಕುವಂಥದ್ದು: ಪೆನ್, ಟೆನ್, ಕ್ಯಾಟ್ ಮೊದಲಾದ ಪದಗಳ ಆರಂಭದ ವ್ಯಂಜನ ಇಂಗ್ಲಿಷಿನಲ್ಲಿ ಉಸಿರು ಕೂಡಿದ ಮಹಾಪ್ರಾಣ. ಹಳೆಯ ಮಾಸ್ತರರು ಫಲ ಎಂಬುದನ್ನು ಹೇಗೆ ತುಟಿ ಮುಚ್ಚಿ ಉಸಿರು ಸಿಡಿಸಿ ಹೇಳಿಸುತ್ತಿದ್ದರೋ ಹಾಗೆ. ತುಟಿಯೆದುರು ತೆಳು ಕಾಗದದ ಚೂರು ಹಿಡಿದು ಪೆನ್ ಎಂದು ಹೇಳಿ. ಕಾಗದ ಅಲುಗಿದರೆ ಸರಿ.

ಗಮನಿಸಿ, ಇದನ್ನೆಲ್ಲ ವಿವರಿಸಲು ನನಗೆ ಹೊಸ ಪರಿಭಾಷೆ ಬೇಕಾಗಲಿಲ್ಲ. ಕಂಠ್ಯ, ತಾಲವ್ಯ, ದಂತ್ಯ, ಓಷ್ಠ್ಯ, ಅಲ್ಪಪ್ರಾಣ, ಮಹಾಪ್ರಾಣ ಎಂದು ವರ್ಣಮಾಲೆಯನ್ನು ಕಲಿತ ನಾವು ಧ್ವನಿಶಾಸ್ತ್ರದ ಅರ್ಧ ದಾರಿಯನ್ನು ಒಂದನೆಯ ತರಗತಿಯಲ್ಲೇ ನಡೆದಿದ್ದೇವೆ. ಕನ್ನಡ ಮಾಧ್ಯಮದವಳೆಂದು ಹಿಂಜರಿಯಬೇಡಿ.

ಈಗ ಸೌಲಭ್ಯಗಳು. ಮೊದಲನೆಯದು ನಿಘಂಟು. ಕೇಂಬ್ರಿಜ್ ನಿಘಂಟಿನ ಜಾಲತಾಣದಲ್ಲೂ ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿಯ ಜಾಲತಾಣದಲ್ಲೂ ಪ್ರತಿ ಪದಕ್ಕೆ ಬ್ರಿಟಿಷ್, ಅಮೆರಿಕನ್ ಎರಡೂ ಧ್ವನಿಗಳು ಹಣವಿಲ್ಲದೆ ಕೇಳಸಿಗುತ್ತವೆ. ಕೇಳುವುದರ ಜೊತೆಗೆ ಪಕ್ಕದ ಧ್ವನಿಚಿಹ್ನೆಗಳನ್ನು ಓದಲು ಕಲಿಯಿರಿ. 1886ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಧ್ವನಿಸಂಘ ರೂಪಿಸಿದ ಲಿಪಿ ಅದು. ಒಂದು ಧ್ವನಿಗೆ ಒಂದೇ ಚಿಹ್ನೆ. ಬ್ರಿಟಿಷ್ ಇಂಗ್ಲಿಷಿಗೆ ಬೇಕಾಗುವುದು 44, ಅಂದರೆ 20 ಸ್ವರ, 24 ವ್ಯಂಜನ. ಬಹುಪಾಲು ವ್ಯಂಜನಗಳು ನಿಮಗೆ ಗೊತ್ತಿರುವ ಇಂಗ್ಲಿಷ್ ಅಕ್ಷರಗಳೇ ಆದ್ದರಿಂದ ಒಂದು ವಾರ ಸಾಕು. ಪದದ ಮೇಲ್ಭಾಗದಲ್ಲಿ ಸಣ್ಣ ಲಂಬ ಗೆರೆಯೊಂದು ಕಂಡರೆ, ಅದರ ಮುಂದಿನ ಉಚ್ಚಾರಾಂಶಕ್ಕೆ ಒತ್ತು ಎಂದರ್ಥ. ಬ್ರಿಟಿಷ್ ಕೌನ್ಸಿಲ್ ಶಿಕ್ಷಕರಿಗಾಗಿ ನಡೆಸುವ ಜಾಲತಾಣದಲ್ಲಿ ಈ ಚಿಹ್ನೆಗಳ ಕೋಷ್ಟಕವಿದ್ದು, ಚಿಹ್ನೆಯನ್ನು ಒತ್ತಿದರೆ ಧ್ವನಿ ಕೇಳಿಸುತ್ತದೆ. ಮೆರಿಯಮ್-ವೆಬ್‌ಸ್ಟರ್ ನಿಘಂಟೂ ಉಚಿತವೇ, ಆದರೆ ಅದು ತನ್ನದೇ ಬೇರೆ ಚಿಹ್ನೆಗಳನ್ನು ಬಳಸುವುದರಿಂದ ಆರಂಭದಲ್ಲಿ ಗೊಂದಲವಾದೀತು.

ಎರಡನೆಯದು, ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಸ್ಪೀಚ್ ಆಕ್ಸೆಂಟ್ ಆರ್ಕೈವ್. ಲೋಕದ ನಾನಾ ಭಾಷೆಗಳ ಜನರು 69 ಪದಗಳ ಒಂದೇ ಇಂಗ್ಲಿಷ್ ಪರಿಚ್ಛೇದವನ್ನು ಓದಿರುವ ಧ್ವನಿಮುದ್ರಣಗಳು ಅಲ್ಲಿವೆ. ಕನ್ನಡಿಗರು ಓದಿದ್ದೂ ಇದೆ. ಮೊದಲು ಕನ್ನಡಿಗರ ಓದನ್ನು ಕೇಳಿ, ಆಮೇಲೆ ಇಂಗ್ಲಿಷ್ ಮಾತೃಭಾಷೆಯವರೊಬ್ಬರ ಓದನ್ನು ಕೇಳಿ. ಕೊನೆಗೆ ಅದೇ ಪರಿಚ್ಛೇದವನ್ನು ನೀವು ಓದಿ ನಿಮ್ಮ ಫೋನಿನಲ್ಲೇ ಮುದ್ರಿಸಿಕೊಳ್ಳಿ. ನಮ್ಮ ತಪ್ಪು ನಮಗೆ ಕೇಳಿಸುವುದು ಇನ್ನೊಬ್ಬ ಕನ್ನಡಿಗನ ಬಾಯಲ್ಲಿ ಅದನ್ನು ಕೇಳಿದಾಗಲೇ. ನಾನು ಕೆಲಸದಲ್ಲಿದ್ದಾಗ ಇಂಥದ್ದೊಂದು ಕೈಗೆ ಸಿಕ್ಕಿದ್ದರೆ ಎಷ್ಟೋ ಶ್ರಮ ಉಳಿಯುತ್ತಿತ್ತು.

ಬ್ರಿಟಿಷೋ ಅಮೆರಿಕನ್ನೋ ಎಂಬ ಪ್ರಶ್ನೆಗೆ ಚಿಕ್ಕ ಉತ್ತರ: ನಮ್ಮ ಪಠ್ಯಗಳ ಕಾಗುಣಿತ ಬ್ರಿಟಿಷ್ ರೀತಿಯದಾದ್ದರಿಂದ ಅದನ್ನೇ ಮಾದರಿಯಾಗಿಟ್ಟುಕೊಳ್ಳಿ, ಆದರೆ ಒತ್ತು ಮತ್ತು ಸ್ಪಷ್ಟತೆಗಾಗಿ ಮಾತ್ರ. ಲಂಡನ್ನಿನವರಂತೆ ಕೇಳಿಸಬೇಕೆಂಬ ಹಂಬಲ ಬೇಡ.

ಉತ್ತರ: ಹೋಟೆಲ್ ಉದ್ಯೋಗಿ, ಕಾರವಾರ

ಅಕ್ಕೋರಿಗೆ ನಮಸ್ಕಾರ. ನಮ್ಮೂರು ಸದಾಶಿವಗಡದ ಹತ್ತಿರ. ಕೆಲಸ ಗೋವಾದ ಹೋಟೆಲೊಂದರ ಸ್ವಾಗತ ಕೌಂಟರಿನಲ್ಲಿ. ಸರ್ ಹೇಳಿದ ಒತ್ತಿನ ಮಾತು ಎಷ್ಟು ನಿಜವೆಂದು ನಾನು ಕೆಲಸಕ್ಕೆ ಸೇರಿದ ಎರಡನೆಯ ತಿಂಗಳಲ್ಲಿ ಕಲಿತೆ. ವಿದೇಶಿ ದಂಪತಿಗಳಿಗೆ ಟ್ಯಾಕ್ಸಿ ಇನ್ನು ಫಿಫ್ಟೀನ್ ನಿಮಿಷದಲ್ಲಿ ಬರುತ್ತದೆ ಎಂದು ನಾನು ಹೇಳಿದ್ದು, ಅವರಿಗೆ ಫಿಫ್ಟಿ ಎಂದು ಕೇಳಿಸಿತು. ಅವರು ನಿಶ್ಚಿಂತೆಯಿಂದ ಕೋಣೆಗೆ ಮರಳಿದರು. ಟ್ಯಾಕ್ಸಿ ಬಂದು ಕಾದು ಬೇರೆ ಬಾಡಿಗೆಗೆ ಹೋಯಿತು. ಅವರ ರೈಲು ತಪ್ಪಿತು. ಹದಿನೈದಕ್ಕೆ ಬಲ ಕೊನೆಯ ಟೀನ್ ಮೇಲೆ, ಅದೂ ಉದ್ದವಾಗಿ. ಐವತ್ತಕ್ಕೆ ಬಲ ಮೊದಲ ಫಿಫ್ ಮೇಲೆ, ಕೊನೆಯದು ಗಿಡ್ಡ. ನಾನು ಎರಡರಲ್ಲೂ ಮೊದಲನೆಯದಕ್ಕೇ ಬಲ ಕೊಟ್ಟು, ಟೀನ್ ಎಂಬುದನ್ನು ನುಂಗಿದ್ದೆ. ಅಂದು ರಾತ್ರಿ ಹದಿಮೂರರಿಂದ ಹತ್ತೊಂಬತ್ತರವರೆಗೆ, ಮೂವತ್ತರಿಂದ ತೊಂಬತ್ತರವರೆಗೆ ಎಷ್ಟು ಬಾರಿ ಹೇಳಿಕೊಂಡೆನೋ ಲೆಕ್ಕವಿಲ್ಲ. ನಿಮ್ಮ ಮಕ್ಕಳಿಗೆ ಸಂಖ್ಯೆ ಕಲಿಸುವಾಗ ಇದನ್ನು ಮೊದಲೇ ಕಲಿಸಿ ಎಂದು ಕೈಮುಗಿದು ಕೇಳುತ್ತೇನೆ.

ನಾನು ಹೆಚ್ಚು ಬಳಸುವುದು ಯೂಗ್ಲಿಶ್ ಎಂಬ ಜಾಲತಾಣ. ಒಂದು ಪದವನ್ನೋ ಪದಗುಚ್ಛವನ್ನೋ ಬರೆದರೆ, ಯೂಟ್ಯೂಬಿನ ವಿಡಿಯೊಗಳಲ್ಲಿ ಜನರು ಅದನ್ನು ನಿಜವಾಗಿ ಹೇಳಿರುವ ಜಾಗಕ್ಕೇ ಕರೆದೊಯ್ಯುತ್ತದೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ ಎಂದು ಆರಿಸಿಕೊಳ್ಳಬಹುದು. ನಿಘಂಟಿನಲ್ಲಿ ಪದ ಒಂಟಿಯಾಗಿ ನಿಂತಿರುತ್ತದೆ. ಇಲ್ಲಿ ವಾಕ್ಯದ ಓಟದಲ್ಲಿ ಸಿಗುತ್ತದೆ. ಬ್ರೆಕ್‌ಫಸ್ಟ್ ಎಂಬ ಪದವನ್ನು ಬ್ರೇಕ್‌ಫಾಸ್ಟ್ ಎಂದು ಎರಡು ವರ್ಷ ಹೇಳಿದ್ದ ನಾನು ಸರಿಪಡಿಸಿಕೊಂಡದ್ದು ಅಲ್ಲಿಯೇ. ಊರಿನ ಹೆಸರು, ವ್ಯಕ್ತಿಗಳ ಹೆಸರುಗಳಿಗೆ ಫೋರ್ವೋ ಒಳ್ಳೆಯದು. ಆಯಾ ಭಾಷೆಯವರೇ ಉಚ್ಚರಿಸಿ ಸೇರಿಸಿರುತ್ತಾರೆ, ಯಾವ ದೇಶದವರೆಂದೂ ತೋರಿಸುತ್ತದೆ.

ಕ್ರಮಬದ್ಧ ಪಾಠ ಬೇಕೆಂದರೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್. 1943ರಿಂದ ರೇಡಿಯೊ ಮೂಲಕ ಇಂಗ್ಲಿಷ್ ಕಲಿಸುತ್ತಾ ಬಂದ ವಿಭಾಗ ಅದು. ಒಂದೊಂದು ಧ್ವನಿಗೂ ಬಾಯಿಯನ್ನು ಹತ್ತಿರದಿಂದ ತೋರಿಸುವ ಪುಟ್ಟ ವಿಡಿಯೊಗಳು ಅದರಲ್ಲಿವೆ. ಹಣದ ಮಾತೇ ಇಲ್ಲ.

ಒಂದು ಎಚ್ಚರಿಕೆ. ಫೋನಿಗೆ ಮಾತಾಡಿ ಅಕ್ಷರ ಮೂಡಿಸುವ ಸೌಲಭ್ಯದಿಂದ ಉಚ್ಚಾರಣೆ ಪರೀಕ್ಷಿಸಿಕೊಳ್ಳಿ ಎಂದು ಹಲವರು ಹೇಳುತ್ತಾರೆ. ನಾನೂ ಮಾಡುತ್ತೇನೆ, ಆದರೆ ಇಡೀ ವಾಕ್ಯ ಹೇಳಿದರೆ ಅದು ಸಂದರ್ಭದಿಂದ ಊಹಿಸಿ ನಮ್ಮ ತಪ್ಪನ್ನು ಮುಚ್ಚಿಹಾಕುತ್ತದೆ. ಒಂದೊಂದೇ ಪದ ಹೇಳಿ: ಪಶ್ಚಿಮ ಎಂಬರ್ಥದ ವೆಸ್ಟ್ ಹೇಳಿದರೆ ಬನಿಯನ್ ಎಂಬರ್ಥದ ವೆಸ್ಟ್ ಮೂಡುತ್ತದೆಯೇ ನೋಡಿ. ಆಗ ಸತ್ಯ ತಿಳಿಯುತ್ತದೆ.

ಉತ್ತರ: ಪರೀಕ್ಷಾ ಅಭ್ಯರ್ಥಿ, ಜೊಯಿಡಾ ತಾಲ್ಲೂಕು

ಸಿಗ್ನಲ್ ಇಲ್ಲದ ಊರಿನ ಕಷ್ಟ ನನಗೆ ಚೆನ್ನಾಗಿ ಗೊತ್ತು, ಆದ್ದರಿಂದ ಅದರ ಬಗ್ಗೆ ಮಾತ್ರ ಬರೆಯುತ್ತೇನೆ. ನಮ್ಮ ಮನೆ ಕಾಡಿನ ಅಂಚಿನಲ್ಲಿದೆ. ವಾರಕ್ಕೊಮ್ಮೆ ದಾಂಡೇಲಿಗೆ ಹೋದಾಗ ಬೇಕಾದದ್ದನ್ನು ಇಳಿಸಿಕೊಂಡು ಬರುತ್ತೇನೆ. ಯೂಟ್ಯೂಬ್ ಆ್ಯಪ್‌ನಲ್ಲಿ ಅನೇಕ ವಿಡಿಯೊಗಳನ್ನು ಹಣ ಕೊಡದೆಯೇ ಉಳಿಸಿಕೊಳ್ಳಬಹುದು. ವೇಗವನ್ನು ಮುಕ್ಕಾಲಿಗೆ ಇಳಿಸಿ ಕೇಳಿದರೆ ಪದಗಳು ಒಂದಕ್ಕೊಂದು ಹೇಗೆ ಅಂಟಿಕೊಳ್ಳುತ್ತವೆ ಎಂಬುದು ತಿಳಿಯುತ್ತದೆ.

ನನಗೆ ಅತ್ಯಂತ ಪ್ರಯೋಜನವಾದದ್ದು ಲಿಬ್ರಿವಾಕ್ಸ್. 2005ರಲ್ಲಿ ಆರಂಭವಾದ ಈ ಜಾಲತಾಣದಲ್ಲಿ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಗಟ್ಟಿಯಾಗಿ ಓದಿ ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾರೆ. ಧ್ವನಿಕಡತಗಳು ಫೋನಿಗೆ ಇಳಿಯುತ್ತವೆ, ಪುಸ್ತಕದ ಪಠ್ಯ ಹೆಚ್ಚಾಗಿ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಉಚಿತ ಪುಸ್ತಕಗಳ ಜಾಲತಾಣದಲ್ಲಿ ಸಿಗುತ್ತದೆ. ಪಠ್ಯ ಕಣ್ಣೆದುರು, ಧ್ವನಿ ಕಿವಿಯಲ್ಲಿ. ಒಂದು ವಾಕ್ಯ ಕೇಳಿ, ನಿಲ್ಲಿಸಿ, ಅದೇ ಏರಿಳಿತದಲ್ಲಿ ಹೇಳಿ, ಮುದ್ರಿಸಿಕೊಂಡು ಹೋಲಿಸುತ್ತೇನೆ. ಓದುವವರು ನಾನಾ ದೇಶದವರಾದ್ದರಿಂದ ಮೊದಲ ಒಂದೆರಡು ನಿಮಿಷ ಕೇಳಿ, ಸ್ಪಷ್ಟವಾಗಿ ಓದುವವರೊಬ್ಬರನ್ನು ಆರಿಸಿಕೊಂಡು ಅವರನ್ನೇ ಹಿಂಬಾಲಿಸುವುದು ಮೇಲು. ಪುಸ್ತಕಗಳು ಹಳೆಯವಾದ್ದರಿಂದ ಭಾಷೆ ಕೊಂಚ ಬಿಗಿ. ಪ್ರಾಣಿಗಳ ಸಣ್ಣ ನೀತಿಕಥೆಗಳಿಂದ ಆರಂಭಿಸಿದರೆ ತರಗತಿಗೂ ಆಗುತ್ತದೆ.

ಕರೆಂಟು ಹೋದ ದಿನಗಳಿಗೆ ರೇಡಿಯೊ ಇದೆ. ಆಕಾಶವಾಣಿಯ ಇಂಗ್ಲಿಷ್ ವಾರ್ತೆಯನ್ನು ಅಜ್ಜ ಕೇಳುತ್ತಿದ್ದರು, ಈಗ ನಾನು ಕೇಳುತ್ತೇನೆ. ವಾರ್ತಾ ವಾಚಕರ ಇಂಗ್ಲಿಷ್ ಭಾರತೀಯವೂ ಹೌದು, ಸ್ಪಷ್ಟವೂ ಹೌದು. ಒತ್ತುಗಳು ಬಹುತೇಕ ಸರಿಯಾದ ಜಾಗದಲ್ಲೇ ಬೀಳುತ್ತವೆ. ಶಿಕ್ಷಕರಿಗೆ ಇದಕ್ಕಿಂತ ಹತ್ತಿರದ ಮಾದರಿ ಇಲ್ಲ ಎಂದು ನನ್ನ ಅನಿಸಿಕೆ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಮತ್ತು ಸಂಪರ್ಕ ಇದೆಯೇ ಎಂದೂ ವಿಚಾರಿಸಿ. ನಮ್ಮಲ್ಲಿ ಇದೆ, ಬಳಸುವವರು ಕಡಿಮೆ.

ಉತ್ತರ: ಗೃಹಿಣಿ, ಅಂಕೋಲಾ

ಒಂದೇ ಒಂದು ಮಾತು ಸೇರಿಸುತ್ತೇನೆ. ನಮ್ಮ ಮನೆಮಾತು ಕೊಂಕಣಿ. ಝೀರೋ, ಝೂ ಎಂದು ಕನ್ನಡದಲ್ಲಿ ಮಹಾಪ್ರಾಣ ಬರೆಯುವುದರಿಂದ ಮಕ್ಕಳು ಅದನ್ನು ಜಕಾರಕ್ಕೆ ಉಸಿರು ಸೇರಿಸಿದ ಧ್ವನಿ ಎಂದುಕೊಳ್ಳುತ್ತಾರೆ. ಅದು ಹಾಗಲ್ಲ. ಸ್ ಎಂದು ಎಳೆಯುತ್ತಾ ಇದ್ದು, ನಡುವೆ ಗಂಟಲನ್ನು ದುಂಬಿಯಂತೆ ಗುಂಯ್‌ಗುಡಿಸಿದರೆ ಆ ಧ್ವನಿ ಬರುತ್ತದೆ. ಗಂಟಲ ಮೇಲೆ ಬೆರಳಿಟ್ಟರೆ ನಡುಕ ತಿಳಿಯುತ್ತದೆ. ಕೊಂಕಣಿ, ಮರಾಠಿ ಬಲ್ಲವರ ಬಾಯಲ್ಲಿ ಇದಕ್ಕೆ ಹತ್ತಿರದ ಧ್ವನಿ ಇದ್ದೇ ಇರುವುದರಿಂದ ನಿಮ್ಮ ಶಾಲೆಯಲ್ಲಿ ಅಂಥ ಮಗುವಿದ್ದರೆ ಅದರ ಬಾಯಿಂದಲೇ ಹೇಳಿಸಿ. ಈಸ್, ವಾಸ್, ಹ್ಯಾಸ್ ಎಂದು ನಾವು ಹೇಳುವ ಮೂರೂ ಪದಗಳ ಕೊನೆಯಲ್ಲಿ ಇರುವುದು ಈ ಧ್ವನಿಯೇ, ಸಕಾರವಲ್ಲ. ಬಹುಮಾನ ಎಂಬರ್ಥದ ಪ್ರೈಜ಼್ ಮತ್ತು ಬೆಲೆ ಎಂಬರ್ಥದ ಪ್ರೈಸ್ ಬೇರೆಯಾಗುವುದೂ ಇದರಿಂದಲೇ.

ಪ್ರಶ್ನೆ ಕೇಳಿದವರಿಂದ, ಹದಿನೈದು ದಿನಗಳ ನಂತರ

ಇಷ್ಟು ಅಕ್ಕರೆಯಿಂದ ಬರೆದ ಎಲ್ಲರಿಗೂ ಋಣಿಯಾಗಿದ್ದೇನೆ. 69 ಪದಗಳ ಪರಿಚ್ಛೇದವನ್ನು ಓದಿ ಮುದ್ರಿಸಿಕೊಂಡೆ. ಮೊದಲ ಬಾರಿ ಕೇಳಿದಾಗ ಎಲ್ಲವೂ ಸರಿಯಿದೆ ಎನ್ನಿಸಿತು. ಕನ್ನಡಿಗರ ಧ್ವನಿಮುದ್ರಣ, ಆಮೇಲೆ ಇಂಗ್ಲೆಂಡಿನವರದು ಕೇಳಿ, ಪುನಃ ನನ್ನದನ್ನು ಕೇಳಿದಾಗ ಡಬ್ಲ್ಯು ಇದ್ದ ಕಡೆಯೆಲ್ಲ ನಾನು ಹಲ್ಲು ತಾಗಿಸಿದ್ದು ಸ್ಪಷ್ಟವಾಗಿ ಕೇಳಿಸಿತು. ಈಗ ದಿನಕ್ಕೆ ಐದು ಪದಗಳನ್ನು ನಿಘಂಟಿನಲ್ಲಿ ನೋಡಿ, ಒತ್ತಿನ ಗೆರೆಯೊಂದಿಗೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಭೂತಕಾಲದ ಕ್ರಿಯಾಪದಗಳ ಕೊನೆಯ ಇ, ಡಿ ಅಕ್ಷರಗಳು ಮಾತ್ರ ಇನ್ನೂ ಗೊಂದಲ. ವಾಕೆಡ್ ಎನ್ನಬೇಕೋ ವಾಕ್ಟ್ ಎನ್ನಬೇಕೋ?

ಇನ್ನೊಂದು ಸಂದೇಹ. ನಾನು ಕರಿಹಲಗೆಯ ಮೇಲೆ ಇಂಗ್ಲಿಷ್ ಪದದ ಕೆಳಗೆ ಕನ್ನಡ ಲಿಪಿಯಲ್ಲಿ ಉಚ್ಚಾರಣೆ ಬರೆಯುತ್ತೇನೆ, ಮಕ್ಕಳೂ ಹಾಗೆಯೇ ಬರೆದುಕೊಳ್ಳುತ್ತಾರೆ. ಇದನ್ನು ನಿಲ್ಲಿಸಬೇಕೇ?

ಉತ್ತರ: ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಕುಮಟಾ

ಮೊದಲ ಸಂದೇಹಕ್ಕೆ ಕನ್ನಡದ ಘೋಷ (ಗಂಟಲು ನಡುಗುವ ಧ್ವನಿ), ಅಘೋಷ (ನಡುಗದ ಧ್ವನಿ)ಗಳ ಪಾಠವೇ ಉತ್ತರ. ಕ್ರಿಯಾಪದದ ಮೂಲರೂಪ ಕ್, ಪ್, ಸ್, ಶ್, ಚ್, ಫ಼್ ಮೊದಲಾದ ಅಘೋಷ ಧ್ವನಿಯಲ್ಲಿ ಮುಗಿದರೆ ಕೊನೆಗೆ ಟ್ ಕೇಳಿಸುತ್ತದೆ: ವಾಕ್ಟ್, ಸ್ಟಾಪ್ಟ್, ವಾಶ್ಟ್. ಘೋಷದಲ್ಲೋ ಸ್ವರದಲ್ಲೋ ಮುಗಿದರೆ ಡ್: ಕಾಲ್ಡ್, ಪ್ಲೇಡ್. ಮೂಲವೇ ಟ್ ಅಥವಾ ಡ್ ಆಗಿದ್ದರೆ ಮಾತ್ರ ಇನ್ನೊಂದು ಉಚ್ಚಾರಾಂಶ ಹುಟ್ಟಿ ಇಡ್ ಎಂದಾಗುತ್ತದೆ: ವಾಂಟಿಡ್, ನೀಡಿಡ್. ವಾಕೆಡ್ ಎಂಬುದು ಎಲ್ಲಿಯೂ ಇಲ್ಲ. ಪದದ ಕೊನೆಗೆ ಎರಡು ವ್ಯಂಜನ ಕೂಡಿ ನಿಲ್ಲುವುದು ಕನ್ನಡದ ಬಾಯಿಗೆ ಒಗ್ಗದು. ಬಸ್ಸು, ರೋಡು ಎಂದು ಉಕಾರ ಸೇರಿಸಿಕೊಳ್ಳುವವರು ನಾವು. ಆದ್ದರಿಂದ ಮೊದಮೊದಲು ಮುಂದಿನ ಪದಕ್ಕೆ ಅಂಟಿಸಿ ಹೇಳುವ ಅಭ್ಯಾಸ ಮಾಡಿ. ವಾಕ್ಟ್ ಇನ್ ಎಂಬುದನ್ನು ವಾಕ್ ಟಿನ್ ಎಂದು ಬಿಡಿಸಿದರೆ ನಾಲಗೆ ತಡವರಿಸುವುದಿಲ್ಲ.

ಕನ್ನಡ ಲಿಪಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವೆನಿಸಿದರೆ ಕ್ಷಮಿಸಿ. ನಿಮ್ಮ ಸ್ವಂತ ಟಿಪ್ಪಣಿಯಲ್ಲಿ ಬರೆದುಕೊಳ್ಳಿ, ಅಗತ್ಯವಿದ್ದರೆ ಜ಼, ಫ಼ ಎಂದು ಕೆಳಗೆ ಚುಕ್ಕಿಯಿಟ್ಟು, ಒತ್ತಿರುವ ಅಕ್ಷರಕ್ಕೆ ಅಡಿಗೆರೆ ಎಳೆದು ಬರೆದುಕೊಳ್ಳಿ. ಕರಿಹಲಗೆಯ ಮೇಲೆ ಬೇಡ. ಕನ್ನಡ ಲಿಪಿ ಕನ್ನಡದ ಧ್ವನಿಗಳಿಗಾಗಿ ಬೆಳೆದು ಬಂದದ್ದು. ಅದನ್ನು ಕಂಡೊಡನೆ ಮಗುವಿನ ನಾಲಗೆ ಕನ್ನಡದ ಜಾಗಕ್ಕೇ ಹೋಗಿ ನಿಲ್ಲುತ್ತದೆ, ಹೋಗಲೇಬೇಕು. ವಿ ಮತ್ತು ಡಬ್ಲ್ಯು ಎರಡಕ್ಕೂ ವ ಎಂದು ಬರೆದ ಮೇಲೆ ಅವು ಬೇರೆ ಎಂದು ಎಷ್ಟು ಹೇಳಿದರೂ ಕಣ್ಣು ಒಪ್ಪುವುದಿಲ್ಲ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಕೇಳಿಯೇ ಕಲಿಯಬಲ್ಲವರು. ನೀವು ಹೇಳಿ, ಅಥವಾ ಉಳಿಸಿಕೊಂಡ ಧ್ವನಿಯನ್ನು ಫೋನಿನಿಂದ ಕೇಳಿಸಿ, ಅವರು ಹೇಳಲಿ. ಬರಹ ಆಮೇಲೆ ಬರಲಿ.

ಎಗ್ ಎಂಬುದನ್ನು ಸರಿಪಡಿಸಲು ಒಂದು ಉಪಾಯವಿದೆ. ಮೊದಲು ಹೆನ್ ಎಂದು ಹೇಳಿಸಿ. ಹಕಾರ ಮುಂದಿರುವುದರಿಂದ ಅಲ್ಲಿ ಯಕಾರ ನುಸುಳಲು ಜಾಗವಿಲ್ಲ. ಹೆನ್, ಹೆನ್ ಎಂದು ನಾಲ್ಕಾರು ಸಲ ಹೇಳಿಸಿ, ಬಳಿಕ ಹಕಾರವನ್ನು ಬಿಟ್ಟು ಎನ್ ಎಂದು ಹೇಳಿಸಿ, ಅದೇ ಬಾಯಿಯಲ್ಲಿ ಎಗ್ ಎಂದು ಹೇಳಿಸಿ. ಕೋಳಿ ಮೊದಲು, ಮೊಟ್ಟೆ ಆಮೇಲೆ. ನಿಮ್ಮನ್ನು ತಿದ್ದಿದ ಆ ಹುಡುಗಿಯನ್ನೇ ಮುಂದೆ ನಿಲ್ಲಿಸಿ ಹೇಳಿಸಿದರೆ ಉಳಿದ ಮಕ್ಕಳು ಎರಡು ದಿನದಲ್ಲಿ ಹಿಡಿಯುತ್ತಾರೆ.